ಎರಡು ರೋಗಗಳನ್ನು ಹೊತ್ತವನಿಗೆ ಔಷಧವು ಸಲ್ಲುವದೋ?

ನಮ್ಮ ಹಳ್ಳಿಯ ಸಭೆಗಳಲ್ಲಿ ಯಾರೂ ಬಾಯಿಬಿಟ್ಟು ಕೇಳದಿದ್ದರೂ ಅನೇಕರು ಮನಸ್ಸಿನಲ್ಲಿ ಕೇಳಿಕೊಳ್ಳುವ ಒಂದು ಪ್ರಶ್ನೆಯನ್ನು ಈ ತಿಂಗಳು ವಿಚಾರಕ್ಕೆ ತೆಗೆದುಕೊಳ್ಳುವೆವು. ಒಬ್ಬನ ರಕ್ತದಲ್ಲಿ ಎಚ್.ಐ.ವಿ. ಎಂಬ ರೋಗಾಣು ಇರುತ್ತದೆ. ಅವನಿಗೇ ಈಗ ಕ್ಯಾನ್ಸರೂ ಬಂದಿದೆ. ಕ್ಯಾನ್ಸರಿಗೆ ಕೊಡುವ ಕೀಮೊಥೆರಪಿಯು ಕಠಿಣವಾದದ್ದು, ತಿಂಗಳುಗಟ್ಟಲೆ ನಡೆಯತಕ್ಕದ್ದು, ವೆಚ್ಚದ್ದು. ಇಂಥವನಿಗೆ ಅದನ್ನು ಕೊಡಿಸುವದಕ್ಕಾಗಿ ಮನೆಯವರೂ ಸಭೆಯವರೂ ಓಡಾಡತಕ್ಕದ್ದೋ? ಅಥವಾ, "ಪಾಪ, ಅವನ ದೇಹ ಇದನ್ನು ತಾಳದು, ನೆಮ್ಮದಿಯಾಗಿ ಇರಗೊಡಿರಿ" ಎಂದು ಬಿಟ್ಟುಬಿಡತಕ್ಕದ್ದೋ? ಈ ಎರಡನೆಯ ಮಾತು ಕರುಣೆಯ ಮಾತಿನಂತೆ ಕೇಳಿಸುತ್ತದೆ. ಅದು ನಿಜವಾದ ಕರುಣೆಯೋ, ಅಥವಾ ಕರುಣೆಯ ಅಂಗಿಯನ್ನು ತೊಟ್ಟುಕೊಂಡು ಬಂದ ತೀರ್ಪೋ ಎಂಬದೇ ನಮ್ಮ ವಿಚಾರವು.

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಂಥ ಊರಿನವರಿಗೆ ಇದು ದೂರದೇಶದ ಪ್ರಶ್ನೆಯಲ್ಲ. ಬೆಂಗಳೂರಿಗೂ ಮೈಸೂರಿಗೂ ಹೋಗುವ ಹೆದ್ದಾರಿಯು ಆ ಸೀಮೆಯಲ್ಲಿ ಹಾದುಹೋಗುತ್ತದೆ. ಕೂಲಿಗಾಗಿಯೂ ಬಾಡಿಗೆಗಾಗಿಯೂ ಮನೆ ಬಿಟ್ಟು ವಾರಗಟ್ಟಲೆ ಹೊರಗಿರುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಎಚ್.ಐ.ವಿ.ಯ ಮಾತ್ರೆಗಳು ಮಂಡ್ಯದ ಸರ್ಕಾರಿ ಆಸ್ಪತ್ರೆಯ ಎ.ಆರ್.ಟಿ. ಕೇಂದ್ರದಲ್ಲಿ ಪುಕ್ಕಟೆಯಾಗಿ ದೊರೆಯುತ್ತವೆ. ಕ್ಯಾನ್ಸರೆಂದರೆ ನಮ್ಮ ಜನರ ಬಾಯಿಗೆ ಮೊದಲು ಬರುವ ಹೆಸರು ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಆಸ್ಪತ್ರೆ. ಹೀಗಿರುವಲ್ಲಿ ಎರಡು ರೋಗಗಳನ್ನು ಹೊತ್ತವನು ಒಂದು ದಿನ ಪಡುವಣಕ್ಕೆ, ಮತ್ತೊಂದು ದಿನ ಮೂಡಣಕ್ಕೆ ಬಸ್ಸು ಹತ್ತಬೇಕಾಗುವದು. ಆಸ್ಪತ್ರೆಗಳು ಎರಡು, ಚೀಟಿಗಳು ಎರಡು, ದೇಹವಾದರೋ ಒಂದೇ.

ತೀರ್ಪಿಗೆ ಮುಂಚೆ ಸಂಗತಿಯನ್ನು ತಿಳಿಯುವದು ಧರ್ಮ. ನಮ್ಮ ರಕ್ತದಲ್ಲಿ ಕಾವಲುಗಾರರಂತಿರುವ ಬಿಳಿಯ ಕಣಗಳುಂಟು. ಎಚ್.ಐ.ವಿ.ಯು ಅವುಗಳಲ್ಲಿ ಸಿ.ಡಿ.4 ಎಂಬ ಜಾತಿಯ ಕಣಗಳನ್ನು ಹಾಳುಮಾಡುತ್ತದೆ. ಕಾವಲು ತಪ್ಪಿದ ಕಬ್ಬಿನ ಗದ್ದೆಗೆ ಹಂದಿಗಳು ನುಗ್ಗುವಂತೆ, ಆಗ ಬೇರೆ ರೋಗಾಣುಗಳು ದೇಹದಲ್ಲಿ ಬಲಗೊಳ್ಳುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರನ್ನು ಹುಟ್ಟಿಸತಕ್ಕವು. ಆದಕಾರಣ ಎಚ್.ಐ.ವಿ. ಇರುವವರಲ್ಲಿ ಲಿಂಫೋಮ ಎಂಬ ಹಾಲುರಸದ ಗಂಟುಗಳ ಕ್ಯಾನ್ಸರೂ, ಕಪೋಸಿ ಸಾರ್ಕೋಮ ಎಂಬದೂ, ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರೂ ಇತರರಿಗಿಂತ ಹೆಚ್ಚಾಗಿ ಕಾಣಿಸುತ್ತವೆ. ಎಚ್.ಐ.ವಿ. ಇರುವ ಹೆಂಗಸಿಗೆ ಗರ್ಭಕಂಠದ ಕ್ಯಾನ್ಸರ್ ಬರುವ ಸಂಭವವು ಇಲ್ಲದವಳಿಗಿಂತ 6 ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಎಚ್.ಪಿ.ವಿ. ಎಂಬ ರೋಗಾಣುವಿನಿಂದ ಈ ಕ್ಯಾನ್ಸರ್ ಹುಟ್ಟುವದೆಂದು ತೋರಿಸಿದ ಪಂಡಿತರಿಗೂ, ಎಚ್.ಐ.ವಿ.ಯನ್ನು ಕಂಡುಹಿಡಿದ ಪಂಡಿತರಿಗೂ 2008ರಲ್ಲಿ ಒಂದೇ ನೊಬೆಲ್ ಬಹುಮಾನವು ಹಂಚಲ್ಪಟ್ಟಿತು. ವಿದ್ವಾಂಸರ ಸಭೆಯಲ್ಲಿ ಜೊತೆಯಾಗಿ ನಿಂತ ಈ ಎರಡು ಸಂಗತಿಗಳು ನಮ್ಮ ಬಡ ಹೆಂಗಸರ ದೇಹದಲ್ಲಿ ಅದಕ್ಕೆ ಬಹಳ ಮುಂಚೆಯೇ ಜೊತೆಯಾಗಿದ್ದವು.

ಇನ್ನು ಕೀಮೊಥೆರಪಿಯ ವಿಷಯ. ಅದರ ಮೊದಲ ಔಷಧಗಳಲ್ಲಿ ಒಂದು ಯುದ್ಧದ ವಿಷಾನಿಲದ ಮೇಲೆ ನಡೆದ ಶೋಧನೆಯಿಂದ 1942ರಲ್ಲಿ ಅಮೇರಿಕ ದೇಶದಲ್ಲಿ ಹೊರಟಿತು. ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾಯರು ಅಮೇರಿಕದಲ್ಲಿ ನಡಿಸುತ್ತಿದ್ದ ಪ್ರಯೋಗಶಾಲೆಯಿಂದ ಮತ್ತೊಂದು ವರ್ಗದ ಔಷಧಗಳು ಬಂದವು. ಆ ವರ್ಗದ ಮೆಥೊಟ್ರೆಕ್ಸೇಟ್ ಎಂಬದನ್ನು ಈಗಲೂ ಕೊಡುತ್ತಾರೆ. ನಮ್ಮ ಅಂಗಳಗಳಲ್ಲಿಯೂ ಗುಡಿಗಳ ಬೇಲಿಗಳಲ್ಲಿಯೂ ವರ್ಷವೆಲ್ಲಾ ಅರಳುವ ನಿತ್ಯಪುಷ್ಪವುಂಟಲ್ಲವೇ, ಕೆಲವರು ಅದನ್ನು ಕಾಶಿ ಕಣಗಿಲೆ ಎನ್ನುತ್ತಾರೆ. ಲಿಂಫೋಮಕ್ಕೆ ಕೊಡುವ ವಿನ್‌ಕ್ರಿಸ್ಟೀನ್ ಎಂಬ ಔಷಧವು ಆ ಗಿಡದಿಂದಲೇ ತೆಗೆಯಲ್ಪಡುತ್ತದೆ. ಹೀಗೆಂದ ಮಾತ್ರಕ್ಕೆ ಯಾರೂ ಅದರ ಎಲೆಯನ್ನು ಅರೆದು ಕುಡಿಯಕೂಡದು. ಅಳತೆ ತಪ್ಪಿದರೆ ಅದು ವಿಷವೇ. ಈ ಔಷಧಗಳು ಬೇಗಬೇಗನೆ ಹೆಚ್ಚುವ ಕಣಗಳನ್ನು ಕೊಲ್ಲುತ್ತವೆ. ಕ್ಯಾನ್ಸರಿನ ಕಣಗಳು ಅಂಥವು. ಆದರೆ ಕೂದಲಿನ ಬೇರು, ಕರುಳಿನ ಒಳಪೊರೆ, ರಕ್ತವನ್ನು ಹುಟ್ಟಿಸುವ ಮೂಳೆಯ ಮಜ್ಜೆ ಇವೂ ಅಂಥವೇ. ಆದದರಿಂದ ಕೂದಲು ಉದುರುವದು, ವಾಂತಿಯಾಗುವದು, ಬಿಳಿಯ ಕಣಗಳು ಕೆಲವು ದಿನ ಕಡಿಮೆಯಾಗುವವು. ಕಾವಲು ಮೊದಲೇ ಕುಂದಿದವನಿಗೆ ಇದ್ದ ಕಾವಲನ್ನೂ ಕುಂದಿಸುವ ಔಷಧವನ್ನು ಕೊಡುವದು ಹೇಗೆ ಎಂಬ ಭಯವು ಇಲ್ಲಿಂದಲೇ ಹುಟ್ಟಿತು.

ಆ ಭಯವು ಒಂದು ಕಾಲದಲ್ಲಿ ನ್ಯಾಯವಾದದ್ದೇ. 1981ರಲ್ಲಿ ಅಮೇರಿಕದ ವೈದ್ಯರು ಯೌವನಸ್ಥರಲ್ಲಿ ಅಪರೂಪವಾದ ಕಪೋಸಿ ಸಾರ್ಕೋಮವನ್ನು ಕಂಡು ಬೆರಗಾದರು. ನಮ್ಮ ದೇಶದಲ್ಲಿ ಎಚ್.ಐ.ವಿ.ಯು 1986ರಲ್ಲಿ ಮದರಾಸಿನಲ್ಲಿ ಮೊದಲು ಗೊತ್ತಾಯಿತು. ಆ ವರ್ಷಗಳಲ್ಲಿ ಎಚ್.ಐ.ವಿ.ಯನ್ನು ಅಡಗಿಸುವ ಬಲವಾದ ಮದ್ದಿರಲಿಲ್ಲ. ಪೂರ್ಣ ಅಳತೆಯ ಕೀಮೊಥೆರಪಿಯನ್ನು ಕೊಟ್ಟರೆ ಕ್ಯಾನ್ಸರಿಗಿಂತ ಮುಂಚೆ ಬೇರೆ ಸೋಂಕು ರೋಗಿಯನ್ನು ಕೊಂಡುಹೋಗುವದೆಂಬ ಅಂಜಿಕೆಯಿಂದ ವೈದ್ಯರು ಅನೇಕರಿಗೆ ಅಳತೆಯನ್ನು ತಗ್ಗಿಸಿ ಕೊಟ್ಟರು, ಕೆಲವರಿಗೆ ಕೊಡಲೇ ಇಲ್ಲ. "ತಾಳದು" ಎಂದವರು ಆಗ ಸುಳ್ಳಾಡಲಿಲ್ಲ.

ಆದರೆ 1996ರ ವೇಳೆಗೆ ಹಲವು ಮದ್ದುಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯು ಬಂತು. ನಮ್ಮ ದೇಶದಲ್ಲಿ 2004ನೇ ಏಪ್ರಿಲ್ 1ರಿಂದ ಸರ್ಕಾರವು ಈ ಮಾತ್ರೆಗಳನ್ನು ಪುಕ್ಕಟೆಯಾಗಿ ಕೊಡತೊಡಗಿತು. ಮೊದಲು ಆರಂಭವಾದ ಎಂಟು ಆಸ್ಪತ್ರೆಗಳಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಒಂದು. 2017ರಿಂದ ಕಣಗಳ ಎಣಿಕೆ ಎಷ್ಟೇ ಇದ್ದರೂ ರೋಗಾಣು ಗೊತ್ತಾದ ಕೂಡಲೆ ಮಾತ್ರೆ ಆರಂಭಿಸುವ ಕ್ರಮವಾಯಿತು. ಮಾತ್ರೆಯನ್ನು ದಿನ ತಪ್ಪದೆ ನುಂಗುವವನ ರಕ್ತದಲ್ಲಿ ರೋಗಾಣು ಅಡಗುತ್ತದೆ, ಕಾವಲು ಕಣಗಳು ತಿರುಗಿ ಏಳುತ್ತವೆ. ಇದರಿಂದ ಈಗ ಕ್ಯಾನ್ಸರ್ ವೈದ್ಯರು ಹಿಡಿದಿರುವ ನಿಯಮವೇನಂದರೆ, ಎಚ್.ಐ.ವಿ. ಇದೆ ಎಂಬದೊಂದೇ ಕಾರಣದಿಂದ ಚಿಕಿತ್ಸೆಯನ್ನು ತಡೆಯಕೂಡದು, ಅಳತೆಯನ್ನು ತಗ್ಗಿಸಕೂಡದು. ಬೇರೆಯವರಿಗೆ ಕೊಡುವಂತೆಯೇ ಕೊಡತಕ್ಕದ್ದು.

ಜಾಗ್ರತೆಗಳು ಮಾತ್ರ ಹೆಚ್ಚು. ಜಿಡೊವುಡಿನ್ ಎಂಬ ಹಳೆಯ ಮಾತ್ರೆಯು ತಾನೇ ಮಜ್ಜೆಯನ್ನು ಕುಂದಿಸುವದರಿಂದ ಅದನ್ನು ಕೀಮೊಥೆರಪಿಯ ಜೊತೆಗೆ ಸೇರಿಸುವದಿಲ್ಲ. ರಿಟೊನವಿರ್ ಎಂಬದು ವಿನ್‌ಕ್ರಿಸ್ಟೀನನ್ನು ದೇಹದಲ್ಲಿ ಕರಗಗೊಡದೆ ಅದರ ವಿಷವನ್ನು ಹೆಚ್ಚಿಸುತ್ತದೆ. ಟೆನೊಫೊವಿರ್ ಮಾತ್ರೆಯೂ, ಗರ್ಭಕಂಠದ ಕ್ಯಾನ್ಸರಿಗೆ ಕಿರಣಚಿಕಿತ್ಸೆಯ ಜೊತೆಗೆ ಕೊಡುವ ಸಿಸ್‌ಪ್ಲಾಟಿನ್ ಔಷಧವೂ ಎರಡೂ ಮೂತ್ರಪಿಂಡದ ಮೇಲೆ ಭಾರ ಹಾಕುತ್ತವೆ. ಇಂಥಲ್ಲಿ ವೈದ್ಯರು ಎಚ್.ಐ.ವಿ.ಯ ಮಾತ್ರೆಯನ್ನು ಬದಲಾಯಿಸುವರು, ರಕ್ತವನ್ನು ಹೆಚ್ಚು ಸಾರಿ ಪರೀಕ್ಷಿಸುವರು, ಸೋಂಕು ತಡೆಯುವ ಔಷಧವನ್ನು ಕೂಡಿಸುವರು. ಎಲ್ಲರೂ ಗುಣವಾಗುವರೆಂದು ನಾವು ಹೇಳುವದಿಲ್ಲ. ದೇಹವು ತೀರ ಬಳಲಿದವರಲ್ಲಿ ವೈದ್ಯನು ತಡಮಾಡಿಯಾನು, ಕಡಿಮೆ ಮಾಡಿಯಾನು. ಆದರೆ ಅದು ಯಾವ ರೋಗಿಯ ವಿಷಯದಲ್ಲಾದರೂ ಅವನು ಮಾಡುವ ತೂಕವೇ.

ಹೀಗಿರುವಲ್ಲಿ "ಅವನ ದೇಹ ತಾಳದು" ಎಂಬ ಮಾತನ್ನು ಈಗ ಪರೀಕ್ಷಿಸೋಣ. ಮಾತು ಹಳೆಯದೇ, ಅದರ ಕೆಳಗಿದ್ದ ಸತ್ಯವು ಸರಿದುಹೋಗಿದೆ. ಕರುಣೆಗೆ ಹೃದಯವು ಮಾತ್ರ ಸಾಲದು, ತಿಳಿವಳಿಕೆಯೂ ಬೇಕು. ನಿನ್ನೆಯ ತಿಳಿವಳಿಕೆಯನ್ನು ಇಟ್ಟುಕೊಂಡು ಇಂದಿನ ರೋಗಿಯನ್ನು ಕನಿಕರಿಸುವವನು ತನಗೆ ಗೊತ್ತಿಲ್ಲದೆಯೇ ಅವನನ್ನು ಕೊಲ್ಲಬಹುದು. ಅದಲ್ಲದೆ ಇನ್ನೊಂದು ಸಂಗತಿಯುಂಟು. ಮನುಷ್ಯನನ್ನು ಅಳೆಯಲು ಎರಡು ಅಳತೆಗೋಲುಗಳಿವೆ. ಒಂದು ವೈದ್ಯನದು: ಈ ಔಷಧದಿಂದ ಇವನಿಗೆ ಪ್ರಯೋಜನವಾಗುವದೋ, ಇವನ ದೇಹವು ಅದನ್ನು ಹೊರುವದೋ? ಇನ್ನೊಂದು ನ್ಯಾಯಾಧಿಪತಿಯದು: ಇವನು ಇದಕ್ಕೆ ಯೋಗ್ಯನೋ? ನಾವು ಎರಡನೆಯ ಕೋಲಿನಿಂದ ಅಳೆದು ಮೊದಲನೆಯದರ ಮಾತಿನಲ್ಲಿ ಉತ್ತರ ಹೇಳುತ್ತೇವೆ. ಯೋಗ್ಯನಲ್ಲವೆನ್ನಲು ನಾಚಿ, ತಾಳಲಾರನೆನ್ನುತ್ತೇವೆ.

ಇದನ್ನು ಕಂಡುಕೊಳ್ಳುವ ಉಪಾಯವು ಸುಲಭ. ಅದೇ ಪ್ರಾಯದ, ಅಷ್ಟೇ ಬಳಲಿಕೆಯುಳ್ಳ ಇನ್ನೊಬ್ಬನಿಗೆ ಅದೇ ಕ್ಯಾನ್ಸರ್ ಬಂದು, ಎಚ್.ಐ.ವಿ.ಗೆ ಬದಲಾಗಿ ಸಕ್ಕರೆ ಕಾಯಿಲೆ ಇದ್ದರೆ ನಾವು ಏನು ಹೇಳುತ್ತಿದ್ದೆವು? "ಬೇಗ ಬೆಂಗಳೂರಿಗೆ ಕರೆದುಕೊಂಡು ಹೋಗಿ" ಎನ್ನುತ್ತಿದ್ದೆವಾದರೆ, ಮೊದಲನೆಯವನ ವಿಷಯದಲ್ಲಿ ಮಾತಾಡಿದ್ದು ನಮ್ಮ ಕರುಣೆಯಲ್ಲ.

ದೃಷ್ಟಾಂತಕ್ಕಾಗಿ ಇಬ್ಬರನ್ನು ಭಾವಿಸಿಕೊಳ್ಳಿರಿ. ಸೋಮನಹಳ್ಳಿಯ ಕಡೆಯ ಒಬ್ಬ ವಿಧವೆ. ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವವಳು. ಗಂಡನಿಂದ ಅವಳಿಗೆ ರೋಗಾಣು ಬಂತು, ಈಗ ಗರ್ಭಕಂಠದ ಕ್ಯಾನ್ಸರ್. ಅವಳಿಗಾಗಿ ನಾವೆಲ್ಲರೂ ಕಣ್ಣೀರಿಡುವೆವು. ಎರಡನೆಯವನು ಒಬ್ಬ ಲಾರಿ ಚಾಲಕ. ತನ್ನ ನಡತೆಯಿಂದಲೇ ರೋಗವನ್ನು ತಂದುಕೊಂಡವನು, ಈಗ ಕುತ್ತಿಗೆಯಲ್ಲಿ ಲಿಂಫೋಮದ ಗಂಟು. ಇವನ ವಿಷಯದಲ್ಲಿ ನಮ್ಮ ಕಣ್ಣೀರು ಬತ್ತುವದು. ಆದರೆ ಔಷಧದ ವಿಷಯದಲ್ಲಿ ಇಬ್ಬರ ನಡುವೆ ಭೇದವೇನು? ಗಂಟಿಗೆ ನಡತೆ ಗೊತ್ತಿಲ್ಲ, ಔಷಧಕ್ಕೂ ಗೊತ್ತಿಲ್ಲ. ನಿರಪರಾಧಿಗೆ ಮಾತ್ರ ತೋರಿಸುವ ದಯೆಯು ನಿಜವಾಗಿ ಸಂಬಳವೇ ಹೊರತು ದಯೆಯಲ್ಲ.

"ಮನುಷ್ಯನು ಬಿತ್ತಿದ್ದನ್ನೇ ಕೊಯ್ಯಬೇಕೆಂದು ದೇವರ ವಾಕ್ಯವೇ ಹೇಳುತ್ತದಲ್ಲಾ" ಎಂದು ಯಾರಾದರೂ ಕೇಳಾರು. ಹೌದು, ಅಪೊಸ್ತಲನು ಹಾಗೆ ಎಚ್ಚರಿಸಿದ್ದಾನೆ. ಆದರೆ ಕೊಯ್ಲಿನ ಕುಡುಗೋಲನ್ನು ನೆರೆಯವನ ಕೈಗೆ ಕೊಡಲಿಲ್ಲ. ಸಿಲೋವದಲ್ಲಿ ಬುರುಜು ಬಿದ್ದು ಸತ್ತವರು ಇತರರಿಗಿಂತ ಪಾಪಿಷ್ಠರೆಂದು ಎಣಿಸಿದವರನ್ನು ನಮ್ಮ ಕರ್ತನು ಒಪ್ಪಲಿಲ್ಲ. ನೀವು ನಿಮ್ಮ ವಿಷಯ ನೋಡಿಕೊಳ್ಳಿರೆಂದು ತಿರುಗಿಸಿದನು. ಹತ್ತು ಮಂದಿ ಕುಷ್ಠರೋಗಿಗಳನ್ನು ಸ್ವಸ್ಥಮಾಡಿದಾಗ ಒಂಬತ್ತು ಮಂದಿ ಕೃತಜ್ಞತೆ ಹೇಳಲೂ ಬಾರದವರೆಂದು ಆತನು ಅರಿಯದೆ ಇದ್ದನೋ? ಆದಾಗ್ಯೂ ಹತ್ತು ಮಂದಿಯೂ ಶುದ್ಧರಾದರು. ಯೆರಿಕೋವಿನ ದಾರಿಯಲ್ಲಿ ಬಿದ್ದವನನ್ನು ಕಂಡ ಸಮಾರ್ಯದವನು, ಅಂಥ ಅಪಾಯದ ದಾರಿಯಲ್ಲಿ ಒಂಟಿಯಾಗಿ ಯಾಕೆ ಬಂದೆ ಎಂದು ವಿಚಾರಣೆ ನಡಿಸಿ ಆಮೇಲೆ ಎಣ್ಣೆ ಹೊಯ್ಯಲಿಲ್ಲ. ನಮ್ಮ ನಡತೆಯನ್ನೇ ನೋಡೋಣ. ಜೀವಮಾನವೆಲ್ಲಾ ಹೊಗೆಸೊಪ್ಪು ಅಗಿದು ಬಾಯಿಯ ಕ್ಯಾನ್ಸರ್ ತಂದುಕೊಂಡ ಹಿರಿಯನನ್ನು ಕಿದ್ವಾಯಿಗೆ ಕರೆದೊಯ್ಯುವಾಗ ನಾವು ಬಿತ್ತುವದು ಕೊಯ್ಯುವದು ಎಂದು ಪ್ರಸಂಗ ಮಾಡುತ್ತೇವೋ? ಅವನಿಗೆ ಗಂಜಿಯ ಪಾತ್ರೆಯನ್ನು ಹಿಡಿದು ಹಿಂದೆ ಹೋಗುತ್ತೇವೆ. ಅದೇ ಸರಿ. ಒಬ್ಬನಿಗೆ ಸರಿಯಾದದ್ದು ಮತ್ತೊಬ್ಬನಿಗೂ ಸರಿ.

ವೆಚ್ಚದ ಆಕ್ಷೇಪಣೆಯೂ ಉಂಟು: ಹಣವೂ ಹಾಸಿಗೆಗಳೂ ಕೊಂಚವಿರುವಾಗ ಬಹುಕಾಲ ಬಾಳುವವರಿಗೆ ಅವು ಸಲ್ಲಬಾರದೇ? ಇದು ಗೌರವದಿಂದ ಉತ್ತರಿಸತಕ್ಕ ಆಕ್ಷೇಪಣೆ. ಸರದಿಯನ್ನು ಮಾಡಲೇಬೇಕಾದರೆ ಅಗತ್ಯವನ್ನೂ ಗುಣದ ನಿರೀಕ್ಷೆಯನ್ನೂ ನೋಡಿ ಮಾಡಲಿ. ರೋಗದ ಹೆಸರನ್ನು ನೋಡಿ ಮಾಡಕೂಡದು. ಎಚ್.ಐ.ವಿ.ಯ ಮಾತ್ರೆಯನ್ನು ಸರಿಯಾಗಿ ನುಂಗುವವನು ಈಗ ಬಹುವರ್ಷ ಬಾಳುತ್ತಾನೆ. ಬಡವರಿಗಾಗಿ 2018ರಲ್ಲಿ ಏರ್ಪಟ್ಟ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು ರೇಷನ್ ಕಾರ್ಡುಳ್ಳ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ವರೆಗಿನ ಚಿಕಿತ್ಸೆಯನ್ನು ಗೊತ್ತುಮಾಡಿದೆ. ಕ್ಯಾನ್ಸರೂ ಅದರಲ್ಲಿ ಸೇರಿದೆ. ಅದಲ್ಲದೆ 2017ರಲ್ಲಿ ಅಂಗೀಕೃತವಾಗಿ 2018ನೇ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯು ಈ ರೋಗಾಣುವಿನ ನಿಮಿತ್ತ ಯಾರಿಗೂ ಚಿಕಿತ್ಸೆಯನ್ನು ನಿರಾಕರಿಸಕೂಡದೆಂದು ವಿಧಿಸುತ್ತದೆ. ಕಾಯಿದೆಯು ತೆರೆದ ಬಾಗಿಲನ್ನು ಕ್ರೈಸ್ತರ ಮನೆಯೊಳಗಿನ ಪಿಸುಮಾತು ಮುಚ್ಚಿದರೆ ನಮಗೆ ನಾಚಿಕೆಯಾಗಬೇಕು.

ಆದರೆ ಒಂದು ಮಾತನ್ನು ಮರೆಯಬಾರದು. ಔಷಧವು ಅವನಿಗೆ ಸಲ್ಲುವದೆಂದರೆ ಅವನ ಮೇಲೆ ಹೇರತಕ್ಕದ್ದೆಂದು ಅರ್ಥವಲ್ಲ. ಲಿಂಫೋಮಕ್ಕೆ ಸಾಮಾನ್ಯವಾಗಿ 21 ದಿನಗಳಿಗೊಮ್ಮೆ ಆರು ಸಾರಿ ಔಷಧವನ್ನು ಏರಿಸುತ್ತಾರೆ. ಅದರ ಸಂಕಟವನ್ನು ಅನುಭವಿಸುವವನು ಅವನೇ. ಕ್ಯಾನ್ಸರ್ ಬಹಳವಾಗಿ ಹಬ್ಬಿ, ವೈದ್ಯರು ಸತ್ಯವನ್ನು ತಿಳಿಸಿದ ಮೇಲೆ, "ಸಾಕು, ನೋವನ್ನು ಮಾತ್ರ ಶಮನಮಾಡಿರಿ" ಎಂದು ರೋಗಿಯೇ ಹೇಳಿದರೆ ಅದು ಅವಿಶ್ವಾಸವೂ ಅಲ್ಲ, ಆತ್ಮಹತ್ಯವೂ ಅಲ್ಲ. ಕರ್ತನ ಬಳಿಗೆ ಹೋಗುವದೋ ಇಲ್ಲಿ ಉಳಿಯುವದೋ ಎಂದು ಪೌಲನೂ ತನ್ನೊಳಗೆ ತೂಗಿ ನೋಡಿದನು. ಆಗ ಮಾರ್ಫಿನ್ ಮೊದಲಾದ ನೋವಿನ ಔಷಧಗಳನ್ನು ಕೊಡಿಸಿ ಹತ್ತಿರ ಕೂತಿರುವದೇ ನಮ್ಮ ಸೇವೆ. ಅವನು ತಾನೇ ಇಳಿಸಿದ ಹೊರೆ ಬೇರೆ, ನಾವು ಅವನ ಕೈಯಿಂದ ಕಿತ್ತುಕೊಂಡ ಬುತ್ತಿ ಬೇರೆ. ನಮ್ಮ ಹಳ್ಳಿಗಳಲ್ಲಿ ವೈದ್ಯರ ಬಾಗಿಲ ಹೊರಗೆ ಅಣ್ಣತಮ್ಮಂದಿರೂ ಮೈದುನಂದಿರೂ ನಿಂತು ತೀರ್ಮಾನ ಮಾಡುತ್ತಾರೆ. ಒಳಗೆ ಮಲಗಿರುವವಳನ್ನು ಯಾರೂ ಕೇಳುವದಿಲ್ಲ. ಮೊದಲು ಕೇಳತಕ್ಕದ್ದು ಅವಳನ್ನೇ.

ಸತ್ಯವನ್ನು ಯಾರಿಗೆ ಹೇಳಬೇಕೆಂಬದೂ ಇಲ್ಲಿ ಧರ್ಮದ ಪ್ರಶ್ನೆಯೇ. ತಿರಸ್ಕಾರಕ್ಕೆ ಹೆದರಿ ಕೆಲವರು ಮಂಡ್ಯದ ಮಾತ್ರೆಗಳ ವಿಷಯವನ್ನು ಬೆಂಗಳೂರಿನ ವೈದ್ಯರಿಗೆ ಹೇಳದೆ ಮುಚ್ಚುವದುಂಟು. ಮೇಲೆ ಹೇಳಿದಂತೆ ಔಷಧಗಳು ಒಂದಕ್ಕೊಂದು ವಿರೋಧವಾಗಿ ಪ್ರಾಣಕ್ಕೆ ಅಪಾಯ ತರಬಹುದಾದದರಿಂದ, ಎರಡು ಚೀಟಿಗಳನ್ನೂ ಎರಡೂ ಕಡೆ ತೋರಿಸಲೇಬೇಕು. ವೈದ್ಯನಿಗೆ ಸತ್ಯವು ಸಲ್ಲತಕ್ಕದ್ದು. ಊರಿಗೆ ಸಲ್ಲತಕ್ಕದ್ದಲ್ಲ. ರೋಗಿಯ ಅಪ್ಪಣೆಯಿಲ್ಲದೆ ಅವನ ಎಚ್.ಐ.ವಿ.ಯನ್ನು ಬಯಲುಮಾಡಕೂಡದೆಂದು ಮೇಲೆ ಹೇಳಿದ ಕಾಯಿದೆಯೂ ವಿಧಿಸುತ್ತದೆ. ನಮ್ಮಲ್ಲಿಯಾದರೋ ಚಾಡಿಯು ಅನೇಕ ಸಾರಿ ಪ್ರಾರ್ಥನೆಯ ವೇಷದಿಂದ ಬರುತ್ತದೆ. "ಇಂಥ ಸಹೋದರಿಗೋಸ್ಕರ ಪ್ರಾರ್ಥಿಸೋಣ, ಅವರಿಗೆ ಇಂಥ ರೋಗವಂತೆ" ಎಂದು ಸಭೆಯ ಮುಂದೆ ಹೇಳಿದರೆ ದೇವರಿಗೆ ಹೊಸದಾಗಿ ತಿಳಿದದ್ದೇನೂ ಇಲ್ಲ. ಊರಿಗೆ ಮಾತ್ರ ತಿಳಿಯಿತು. ಉಪದೇಶಿಗಳೂ ಸಭಾಪಾಲಕರೂ ಇಂಥ ಹೆಸರುಗಳನ್ನು ಕೋಣೆಯ ಬಾಗಿಲು ಮುಚ್ಚಿಕೊಂಡು ತಂದೆಗೆ ಹೇಳತಕ್ಕದ್ದು.

ನಂಬಿಕೆಯಿದ್ದರೆ ಮಾತ್ರೆ ಯಾತಕ್ಕೆ ಎನ್ನುವವರಿಗೂ ಒಂದು ಮಾತು. ಹಿಜ್ಕೀಯ ಅರಸನ ಪ್ರಾರ್ಥನೆಯನ್ನು ದೇವರು ಕೇಳಿದನು; ಆದರೂ ಯೆಶಾಯ ಪ್ರವಾದಿಯು ಹುಣ್ಣಿಗೆ ಅಂಜೂರದ ಉಂಡೆಯನ್ನು ಕಟ್ಟಿಸಿದನು. ಸುವಾರ್ತೆಯನ್ನು ಬರೆದ ಲೂಕನು ವೈದ್ಯನು. ಸ್ವಸ್ಥತೆಯ ಕೂಟದಿಂದ ಮನೆಗೆ ಬಂದು ಮಾತ್ರೆಯನ್ನು ಬಿಟ್ಟವನಲ್ಲಿ ಅಡಗಿದ್ದ ರೋಗಾಣು ತಿರುಗಿ ಏಳುತ್ತದೆ. ಕೀಮೊಥೆರಪಿಯ ಮಧ್ಯದಲ್ಲಿ ಬಿಟ್ಟರಂತೂ ಕೇಡು ಇಮ್ಮಡಿಯಾಗುವದು. ಪ್ರಾರ್ಥಿಸುವವನ ಒಂದು ಕೈಯಲ್ಲಿ ಮಾತ್ರೆ ಇದ್ದರೆ ಪ್ರಾರ್ಥನೆಗೆ ಅವಮಾನವಿಲ್ಲ.

ಕಡೆಯದಾಗಿ ಸಭೆಯವರು ಮಾಡತಕ್ಕದ್ದೇನು? ಎಚ್.ಐ.ವಿ.ಯು ಕೈ ಹಿಡಿಯುವದರಿಂದಾಗಲಿ, ಒಂದೇ ಪಂಕ್ತಿಯಲ್ಲಿ ಉಣ್ಣುವದರಿಂದಾಗಲಿ, ಕರ್ತನ ಭೋಜನದ ಒಂದೇ ಪಾತ್ರೆಯಲ್ಲಿ ಕುಡಿಯುವದರಿಂದಾಗಲಿ ಅಂಟುವದಿಲ್ಲ. ಕೀಮೊಥೆರಪಿಯ ದಿನಗಳಲ್ಲಿ ಅಪಾಯವು ಇರುವದು ಆ ಕಡೆಗೆ: ನಮ್ಮ ನೆಗಡಿ, ನಮ್ಮ ಜ್ವರ, ನಮ್ಮ ತೊಳೆಯದ ಕೈ ಅವನಿಗೆ ಅಪಾಯ. ಹೆದರಬೇಕಾದವನು ಅವನು, ನಾವು ಅವನಿಗೆ ಹೆದರುವದು ನಗೆಗೇಡು. ಜ್ವರವಿರುವವನು ದೂರದಲ್ಲಿರಲಿ, ಮಿಕ್ಕವರು ಕೈ ತೊಳೆದು ಹತ್ತಿರ ಹೋಗಲಿ. ಕಾಯಿಸಿ ಆರಿಸಿದ ನೀರು, ಆಗತಾನೇ ಮಾಡಿದ ಬಿಸಿ ಊಟ, ಬೆಂಗಳೂರಿನ ಬಸ್ಸಿಗೆ ಜೊತೆಗೊಬ್ಬರು, ಮನೆಯಲ್ಲಿ ಉಳಿದ ಮಕ್ಕಳಿಗೆ ಎರಡು ದಿನದ ಆಸರೆ, ಇವು ಬಡ ಸಭೆಯೂ ಕೊಡಬಹುದಾದವು. ಅವನಿಗೆ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಎಚ್.ಐ.ವಿ. ಇರುವ ಹೆಂಗಸರು 25ನೇ ವಯಸ್ಸಿನಿಂದಲೇ ಗರ್ಭಕಂಠದ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕೆಂಬದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕ್ಯಾನ್ಸರಾಗುವ ಮುಂಚೆ ಗೊತ್ತಾದರೆ ಚಿಕ್ಕ ಚಿಕಿತ್ಸೆಯಿಂದಲೇ ತಡೆಯಬಹುದು. ಸ್ತ್ರೀಯರ ಕೂಟಗಳಲ್ಲಿ ಇದನ್ನು ಯಾರ ಹೆಸರನ್ನೂ ಎತ್ತದೆ ಎಲ್ಲರಿಗೂ ಹೇಳಿರಿ. ಸಂಶಯವಿದ್ದವರು 1097 ಎಂಬ ಸಂಖ್ಯೆಗೆ ಫೋನು ಮಾಡಿ ಗುಟ್ಟಾಗಿ ಕೇಳಬಹುದು.

ನಮ್ಮ ಹಿರಿಯರಿಗೆ ಸುವಾರ್ತೆಯನ್ನು ತಂದವರು ಬರೀ ಮಾತನ್ನು ತರಲಿಲ್ಲ. ಊರ ಹೊರಗೆ ದೂಡಲ್ಪಟ್ಟ ಕುಷ್ಠರೋಗಿಗಳಿಗಾಗಿ 1874ರಲ್ಲಿಯೇ ಒಂದು ಮಿಷನ್ ಏರ್ಪಟ್ಟಿತು. ಆಗ ಆ ರೋಗಕ್ಕೆ ಮದ್ದಿರಲಿಲ್ಲ. ಹುಣ್ಣು ತೊಳೆಯುವ ಕೈ ಮಾತ್ರವಿತ್ತು. ಮೈಸೂರಿನಲ್ಲಿ 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ಹೆಂಗಸರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ತೆರೆದರು. ಯೋಗ್ಯತೆಯನ್ನು ಅಳೆದು ದೇವರು ನಮ್ಮನ್ನು ಕರೆದಿದ್ದರೆ ಈ ಪತ್ರಿಕೆಯನ್ನು ಓದುವವರಲ್ಲಿ ಒಬ್ಬರೂ ಸಭೆಯಲ್ಲಿ ಇರುತ್ತಿರಲಿಲ್ಲ. ಮದ್ದಿಲ್ಲದ ಕಾಲದಲ್ಲಿ ಅವರು ಮುಟ್ಟಿದರು. ಮದ್ದಿರುವ ಕಾಲದಲ್ಲಿ ನಾವು "ತಾಳದು" ಎಂದು ಹೇಳಿ ದೂರ ನಿಲ್ಲದ ಹಾಗೆ, ಕುಷ್ಠರೋಗಿಯ ಕಡೆಗೆ ಕೈ ಚಾಚಿದ ಕರ್ತನು ನಮಗೆ ಬುದ್ಧಿಯನ್ನೂ ಧೈರ್ಯವನ್ನೂ ಅನುಗ್ರಹಿಸಲಿ.